ಕಟ್ಟುವ ಮುನ್ನ ಹುಡುಕೋಣ



ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬರುವ ನೂಲು ಬಿಚ್ಚಾಣಿಕೆದಾರರು ಮೊದಲು ಕಂಡ ಗೂಡಿಗೇ ಹಣ ಹೂಡುವುದಿಲ್ಲ. ನಾಲ್ಕಾರು ರಾಶಿಗಳಲ್ಲಿ ಕೈಯಾಡಿಸಿ, ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಅರಿತ ಮೇಲೆಯೇ ಬೆಲೆ ಹೇಳುತ್ತಾರೆ. ಗಣಕಯಂತ್ರಕ್ಕೆ ತಂತ್ರಾಂಶ ಬರೆಯುವವರಿಗೂ ಇದೇ ವಿವೇಕ ಬೇಕು.

ಈಚೆಗೆ ಮಾಗಡಿ, ಕನಕಪುರದ ಕಡೆಯ ಮೂವರು ತರುಣರು ನಮ್ಮಲ್ಲಿಗೆ ಬಂದಿದ್ದರು. ವಚನಗಳಲ್ಲಿ ಬೇಕಾದ ಪದವನ್ನು ಹುಡುಕಿಕೊಡುವ ತಂತ್ರಾಂಶವನ್ನು ಹೊಸದಾಗಿ ರಚಿಸುವುದು ಅವರ ಸಂಕಲ್ಪ. ವಚನಗಳ ಬೆರಳಚ್ಚಿಗೇ ಒಂದು ವರ್ಷ ಮೀಸಲಿಟ್ಟಿದ್ದರು. “ಇಂಥದ್ದು ಈಗಾಗಲೇ ಇದೆಯೇ ಎಂದು ನೋಡಿದಿರಾ?” ಎಂದು ಕೇಳಿದೆವು. “ಇಲ್ಲ, ಅಯ್ಯನವರೇ” ಎಂದು ತಲೆ ತಗ್ಗಿಸಿದರು.

ಸಮಗ್ರ ವಚನ ಸಾಹಿತ್ಯವನ್ನು ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಪ್ರಕಟಿಸಿ ದಶಕಗಳೇ ಸಂದಿವೆ. 2013ರ ಸುಮಾರಿಗೆ ಕೆಲವು ಉತ್ಸಾಹಿಗಳು ‘ವಚನ ಸಂಚಯ’ವನ್ನು ರೂಪಿಸಿ, ಸಾವಿರಾರು ವಚನಗಳಲ್ಲಿ ಪದ ಹುಡುಕುವ ಸೌಲಭ್ಯವನ್ನು ಅಂತರ್ಜಾಲದಲ್ಲಿ ಒದಗಿಸಿದರು. ಇದನ್ನರಿಯದೆ ತೊಡಗಿದ್ದರೆ ಆ ತರುಣರ ಒಂದು ವರ್ಷದ ಬೆವರು ಇದ್ದುದನ್ನೇ ಮತ್ತೆ ಮಾಡುವುದರಲ್ಲಿ ಕಳೆಯುತ್ತಿತ್ತು.

ಈ ಮಾತನ್ನು ನಾವು ನಷ್ಟ ಉಂಡೇ ಕಲಿತೆವು. 1990ರ ದಶಕದ ಕೊನೆಯಲ್ಲಿ ಒಂದು ತಾಳೆಗರಿ ಕಟ್ಟನ್ನು ಗಣಕಕ್ಕೆ ಏರಿಸಲು ಪರಿಚಿತರೊಬ್ಬರಿಂದ ನಮಗಾಗಿಯೇ ತಂತ್ರಾಂಶ ಬರೆಸಿದೆವು. ಆಗಲೇ ‘ಬರಹ’ ಬಂದಿತ್ತು. ಯುನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. ನಾವು ವಿಚಾರಿಸಲಿಲ್ಲ. ವೃದ್ಧ ಲಿಪಿಕಾರರೊಬ್ಬರು ಎರಡು ವರ್ಷ ಕುಳಿತು ಅಚ್ಚಿಸಿದ ಪಠ್ಯವನ್ನು ಇಂದು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಆ ಅಕ್ಷರ ಸಂಕೇತದ ಕೀಲಿ ತಂತ್ರಾಂಶ ಬರೆದವರ ಬಳಿಯೂ ಉಳಿದಿಲ್ಲ. ಲಿಪಿಕಾರರು ಲಿಂಗೈಕ್ಯರಾದರು, ಗರಿಗಳನ್ನು ಹುಳು ತಿಂದವು.

ಆದುದರಿಂದ ಮೊದಲು ಹುಡುಕಬೇಕು. ದೊರೆತದ್ದನ್ನು ಒರೆಗೆ ಹಚ್ಚಬೇಕು: ಅದು ಯುನಿಕೋಡಿನಲ್ಲಿದೆಯೇ? ನಾವು ತುಂಬಿದ್ದನ್ನು ಹೊರತೆಗೆದು ಬೇರೆಡೆಗೆ ಒಯ್ಯಬಹುದೇ? ತಿದ್ದಲು ಅನುಮತಿ ಉಂಟೇ? ಅದನ್ನು ನೋಡಿಕೊಳ್ಳುವವರು ಇದ್ದಾರೆಯೇ? ಒಂದು ವಾರದ ಈ ಶೋಧನೆ ವರ್ಷದ ಶ್ರಮವನ್ನು ಉಳಿಸೀತು. ಇದ್ದುದರಲ್ಲಿ ಕೊರತೆ ಕಂಡರೆ ಆ ಕೊರತೆಯನ್ನಷ್ಟೇ ತುಂಬುವುದು ಜಾಣತನ. ಏನೂ ಇಲ್ಲವೆಂದು ಖಚಿತವಾದರೆ ನಿಶ್ಚಿಂತೆಯಿಂದ ಹೊಸದಕ್ಕೆ ಕೈಹಾಕಬಹುದು.

ಆ ತರುಣರು ಮೊನ್ನೆ ಮತ್ತೆ ಬಂದಿದ್ದರು. ಕಣ್ಣು ಮಂಜಾದ ಹಿರಿಯರಿಗೆ ವಚನಗಳನ್ನು ಓದಿ ಹೇಳುವ ಸಾಧನವೊಂದನ್ನು ಮಾಡುವ ಆಸೆ ಈಗ ಅವರದು. “ಆರಂಭಿಸಿದಿರಾ?” ಎಂದೆವು.

“ಇಲ್ಲ ಅಯ್ಯನವರೇ, ಇನ್ನೂ ಹುಡುಕುತ್ತಿದ್ದೇವೆ” ಎಂದರು. ನಮಗೆ ಸಂತೋಷವಾಯಿತು.