ಬಿಸಿಲಿನ ಆಯ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಹಿರಿಯರು ಖರ್ಚಿನ ಮಾತಾಗಿಯೇ ಹೇಳಿದರೆಂದು ನಾವು ತಿಳಿದಿದ್ದೇವೆ. ಆದರೆ ಈ ಎರಡಕ್ಕೂ ಇನ್ನೊಂದು ಸಾಮ್ಯವುಂಟು. ಮದುವೆಯಂತೆ ಮನೆಯೂ ಒಂದು ದಿನದ ಸಂಭ್ರಮವಲ್ಲ. ಗೃಹಪ್ರವೇಶದ ಹೋಳಿಗೆ ಅರಗಿದ ಮೇಲೆ ಮೂವತ್ತು ನಲವತ್ತು ವರ್ಷ ಅದರೊಡನೆ ಬಾಳಬೇಕು. ಮದುವೆಗೆ ಮುಂಚೆ ಜಾತಕ ನೋಡುತ್ತೇವೆ; ಮನೆಗೆ ಮುಂಚೆ ಆಯ ನೋಡುತ್ತೇವೆ. ಧ್ವಜಾಯವೋ, ವೃಷಭಾಯವೋ, ಗಜಾಯವೋ ಬಂದರೆ ಸರಿ. ಬಾರದಿದ್ದರೆ ಗೋಡೆಯನ್ನು ನಾಲ್ಕಂಗುಲ ಸರಿಸಿಯಾದರೂ ಬರಿಸಿಕೊಳ್ಳುತ್ತೇವೆ. ಇಷ್ಟು ಎಚ್ಚರಿಕೆಯುಳ್ಳ ಜನ ಬಿಸಿಲಿನ ಆಯವನ್ನು ಮಾತ್ರ ಏಕೆ ಕೇಳುವುದಿಲ್ಲ ಎಂಬುದೇ ಈ ಲೇಖನದ ಪ್ರಶ್ನೆ.

ಕಲಾ ಕಾಲೇಜಿನ ವಿದ್ಯಾರ್ಥಿಗೆ ಗಾರೆ ಇಟ್ಟಿಗೆಗಳ ಗೊಡವೆ ಏಕೆಂದು ಯಾರಾದರೂ ಆಕ್ಷೇಪಿಸಬಹುದು. ಮನೆಯೆಂಬುದು ಎಂಜಿನಿಯರನೊಬ್ಬನ ಸ್ವತ್ತಲ್ಲ. ಅದರ ಸೂರಿನಲ್ಲಿ ಭೂಗೋಳವಿದೆ, ಅದರ ಖರ್ಚಿನಲ್ಲಿ ಅರ್ಥಶಾಸ್ತ್ರವಿದೆ, ಯಾರಿಗೆ ಜಗಲಿ ಯಾರಿಗೆ ಅಂಗಳ ಎಂಬುದರಲ್ಲಿ ಸಮಾಜಶಾಸ್ತ್ರವಿದೆ. ಅಲ್ಲದೆ ನಮ್ಮಲ್ಲಿ ಹೆಚ್ಚಿನವರು ಓದುವುದು ಮನೆಯಲ್ಲೇ. ಬೇಸಗೆಯ ಮಧ್ಯಾಹ್ನ ಕಾದ ತಗಡಿನ ಕೆಳಗೆ ಕುಳಿತು ಪರೀಕ್ಷೆಗೆ ಓದಿದವರಿಗೆ ಈ ವಿಷಯ ಪರಕೀಯವೆನಿಸಲಾರದು.

ಎಮ್ಮೆದೊಡ್ಡಿಯ ಸೀಮೆಯನ್ನು ಬಲ್ಲವರಿಗೆ ಅಲ್ಲಿಯ ಬಿಸಿಲನ್ನು ವರ್ಣಿಸಬೇಕಾದುದಿಲ್ಲ. ಚಂದ್ರದ್ರೋಣ ಪರ್ವತದ ಸಾಲು ಕಣ್ಣೆದುರಿಗೇ ಇದೆ. ಬೆಟ್ಟದ ಆ ಮಗ್ಗುಲಿಗೆ ಕಾಫಿಯ ತೋಟಗಳು; ಈ ಮಗ್ಗುಲಿಗೆ ರಾಗಿಯ ಹೊಲ, ತೆಂಗು, ಕುರುಚಲು ಕಾವಲು. ಮುಂಗಾರಿನ ಮೋಡಗಳು ತಮ್ಮ ಹೊರೆಯನ್ನು ಬಹುಮಟ್ಟಿಗೆ ಬೆಟ್ಟದಲ್ಲೇ ಇಳಿಸಿ, ಕಡೂರಿನ ಬಯಲಿಗೆ ಬರುವಾಗ ಬರಿಗೈಯಾಗಿರುತ್ತವೆ. ದೊಡ್ಡಿ ಎಂದರೆ ದನ ಕೂಡುವ ಆವರಣ. ಊರಿನ ಹೆಸರೇ ಎಮ್ಮೆಗಳನ್ನು ನೆನಪಿಗೆ ತರುತ್ತದೆ. ಬಿಸಿಲು ಏರಿದೊಡನೆ ಎಮ್ಮೆಯು ಯಾರ ಉಪದೇಶವನ್ನೂ ಕಾಯದೆ ಮರದ ನೆರಳನ್ನೋ ಕೆರೆಯ ನೀರನ್ನೋ ಹುಡುಕಿಕೊಂಡು ಹೋಗುತ್ತದೆ. ಮನುಷ್ಯನು ಮಾತ್ರ ಲಕ್ಷಗಟ್ಟಲೆ ಹಣ ಸುರಿದು ಬಿಸಿಲನ್ನು ಕೂಡಿಹಾಕುವ ಪೆಟ್ಟಿಗೆಯೊಂದನ್ನು ಕಟ್ಟಿ, ಅದರೊಳಗೆ ಕುಳಿತು ಬೆವರೊರೆಸಿಕೊಳ್ಳುತ್ತಾನೆ.

ಬಿಸಿಲಿನ ಲೆಕ್ಕ ಗೂಢವಾದುದೇನಲ್ಲ. ನಮ್ಮ ಸೀಮೆ ಇರುವುದು ಸುಮಾರು ಹದಿಮೂರೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ಸೂರ್ಯನು ನಮ್ಮ ನೆತ್ತಿಗೆ ಸರಿಯಾಗಿ ಬರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ತಿಂಗಳ ನಡುವಿನಲ್ಲಿ ಇನ್ನೊಮ್ಮೆ. ಈ ಎರಡರ ನಡುವಣ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯ ನಮಗೆ ಉತ್ತರದ ಕಡೆ ವಾಲಿರುತ್ತಾನೆ. ಡಿಸೆಂಬರ್ ೨೧ರ ಸುಮಾರಿಗೆ ಅವನು ದಕ್ಷಿಣದಲ್ಲಿ ೫೩ ಡಿಗ್ರಿ ಎತ್ತರಕ್ಕೆ ಇಳಿದಿರುತ್ತಾನೆ. ಇಷ್ಟು ತಿಳಿದರೆ ಮನೆಯ ಅರ್ಧ ನಕ್ಷೆ ತಾನಾಗಿಯೇ ಸಿದ್ಧವಾಗುತ್ತದೆ.

ದಕ್ಷಿಣದ ಗೋಡೆಗೆ ಎರಡಡಿ ಸೂರು ಚಾಚಿದೆಯೆನ್ನಿ. ಮಾರ್ಚ್ ೨೧ರ ನಡುಹಗಲಿಗೆ ಅದರ ನೆರಳು ಗೋಡೆಯ ಮೇಲೆ ಎಂಟಡಿ ಕೆಳಗಿಳಿಯುತ್ತದೆ. ಕಿಟಕಿಗೆ ಬಿಸಿಲಿನ ಬಾಧೆಯಿಲ್ಲ. ಚಳಿಯ ಡಿಸೆಂಬರಿನಲ್ಲಿ ಅದೇ ಸೂರಿನ ನೆರಳು ಎರಡೂವರೆ ಅಡಿಗಿಂತ ತುಸು ಹೆಚ್ಚು ಮಾತ್ರ; ಅದರ ಕೆಳಗೆ ಎಳೆಬಿಸಿಲು ಒಳಗೆ ಬಂದು ಮುದುಕರ ಮಂಡಿಗೆ ಹಿತವಾಗುತ್ತದೆ. ಯಂತ್ರವಿಲ್ಲ, ತಂತಿಯಿಲ್ಲ, ಬೇಕೆಂದಾಗ ಬಿಸಿಲು ಬಂತು, ಬೇಡವೆಂದಾಗ ನಿಂತಿತು. ಆದರೆ ಈ ಉಪಾಯ ಪಶ್ಚಿಮದ ಗೋಡೆಗೆ ನಡೆಯದು. ಅದೇ ಮಾರ್ಚಿಯಲ್ಲಿ ಸಂಜೆ ನಾಲ್ಕರ ಸುಮಾರಿಗೆ ಎರಡಡಿ ಸೂರು ಆ ಗೋಡೆಗೆ ಕೊಡುವ ನೆರಳು ಒಂದಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದ್ದರಿಂದ ಮನೆಯ ಉದ್ದವು ಪೂರ್ವಪಶ್ಚಿಮವಾಗಿ ಇರಬೇಕು. ಮೋಟುಗೋಡೆಗಳು ಮಾತ್ರ ಪೂರ್ವಕ್ಕೂ ಪಶ್ಚಿಮಕ್ಕೂ ಮುಖ ಮಾಡಬೇಕು. ಬಚ್ಚಲು, ಉಗ್ರಾಣ, ಮೆಟ್ಟಿಲುಗಳನ್ನು ಪಶ್ಚಿಮಕ್ಕೆ ತಳ್ಳಿ, ಅದರಾಚೆ ಒಂದು ಹೊಂಗೆಯ ಗಿಡ ನೆಟ್ಟರೆ ಸಂಜೆಯ ಬಿಸಿಲು ಮಲಗುವ ಕೋಣೆಯನ್ನು ಮುಟ್ಟಲಾರದು. ಯುಗಾದಿಯ ಹೊತ್ತಿಗೆ ಹೊಸ ಎಲೆ ತಳೆಯುವ ಹೊಂಗೆಯು ನಮಗಾಗಿಯೇ ಹುಟ್ಟಿದ ಮರವೆಂದು ತೋರುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ಗೋಡೆಯಲ್ಲ, ಮಾಡು. ಬಿಸಿಲು ನೆತ್ತಿಯ ಮೇಲಿರುವ ನಾಡಿನಲ್ಲಿ ಅತಿ ಹೆಚ್ಚು ಶಾಖವನ್ನು ಉಣ್ಣುವುದು ಅದೇ. ಸ್ವಚ್ಛವಾದ ನಡುಹಗಲಿನಲ್ಲಿ ಒಂದು ಚದರ ಮೀಟರಿನ ಮೇಲೆ ಬೀಳುವ ಬಿಸಿಲು ಸುಮಾರು ಒಂದು ಕಿಲೋವಾಟ್. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಗೊತ್ತುಮಾಡಿರುವ ಕನಿಷ್ಠ ಅಳತೆ ೨೫ ಚದರ ಮೀಟರು. ಎಂದರೆ ಆ ಪುಟ್ಟ ಮನೆಯ ತಲೆಯ ಮೇಲೆ ಒಂದೊಂದು ಕಿಲೋವಾಟಿನ ಇಪ್ಪತ್ತೈದು ವಿದ್ಯುತ್ ಒಲೆಗಳನ್ನು ಹೊತ್ತಿಸಿಟ್ಟಂತೆ! ಹಳತಾದ ಸಿಮೆಂಟಿನ ತಾರಸಿ ಇದರಲ್ಲಿ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತದೆ. ನಾಲ್ಕೈದು ಅಂಗುಲದ ಕಾಂಕ್ರೀಟು ಅದನ್ನು ಮೂರು ನಾಲ್ಕು ಗಂಟೆಗಳಲ್ಲಿ ಕೆಳಗೆ ದಾಟಿಸುತ್ತದೆ. ಮಧ್ಯಾಹ್ನದ ಬಿಸಿಲು ಸಂಜೆಯ ಹೊತ್ತಿಗೆ ನಮ್ಮ ಹಾಸಿಗೆಯ ಮೇಲೆ ಇಳಿಯುವುದು ಹೀಗೆ. ಬೀಸಣಿಗೆಯ ಯಂತ್ರ ಗಾಳಿಯನ್ನು ತಂಪುಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ. ಬಿಸಿ ಕೋಣೆಯಲ್ಲಿ ಅದು ಬಿಸಿಗಾಳಿಯನ್ನೇ ಸುತ್ತಿಸುತ್ತದೆ.

ನಮ್ಮ ಮನೆಯಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಹೊಸ ತಾರಸಿಯ ಕೋಣೆಯಲ್ಲಿ ಮಂಚವೂ ಫ್ಯಾನೂ ಇದ್ದರೂ ನನ್ನ ಅಜ್ಜಿ ಏಪ್ರಿಲ್ ಬಂದೊಡನೆ ಚಾಪೆಯನ್ನು ಸುತ್ತಿಕೊಂಡು ಹಿತ್ತಲಿನ ಹಳೆಯ ಹೆಂಚಿನ ಕೊಟ್ಟಿಗೆಗೆ ನಡೆಯುತ್ತಾರೆ. "ಆ ಗೂಡೊಳಗೆ ನೀವೇ ಬೇಯ್ರಪ್ಪ" ಎಂಬುದು ಅವರ ತೀರ್ಪು. ಉಷ್ಣಶಾಸ್ತ್ರದ ಯಾವ ಪುಸ್ತಕವೂ ಈ ತೀರ್ಪನ್ನು ತಳ್ಳಿಹಾಕಲಾರದು. ಒಂದಡಿ ದಪ್ಪದ ಮಣ್ಣಿನ ಗೋಡೆಯನ್ನು ಶಾಖ ದಾಟಬೇಕಾದರೆ ಎಂಟು ಹತ್ತು ಗಂಟೆ ಬೇಕು. ಅಷ್ಟರಲ್ಲಿ ರಾತ್ರಿಯ ತಂಪು ಬಂದಿರುತ್ತದೆ. ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ. ಅಟ್ಟವಿದ್ದರಂತೂ ಅದು ಮನೆಗೆ ಹಿಡಿದ ಎರಡನೆಯ ಕೊಡೆ.

ಆದರೆ ಹಳೆಯದನ್ನೆಲ್ಲ ಹೊಗಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ತೊಟ್ಟಿಯ ಮನೆಯ ತಂಪನ್ನು ನೆನೆದು ನಿಟ್ಟುಸಿರು ಬಿಡುವವರು ಊರಿನಲ್ಲಿ ಎಷ್ಟು ಮಂದಿಗೆ ತೊಟ್ಟಿಯ ಮನೆಯಿತ್ತೆಂದು ಎಣಿಸಬೇಕು. ಅದು ಗೌಡರ ಮನೆ, ಶಾನುಭೋಗರ ಮನೆ. ಉಳಿದವರದು ಸೋಗೆಯ ಗುಡಿಸಲು: ಬೇಸಗೆಯಲ್ಲಿ ಬೆಂಕಿಯ ಭಯ, ಮಳೆಗಾಲದಲ್ಲಿ ಸೋರುವ ಭಯ, ಎರಡೂ ಕಾಲದಲ್ಲಿ ಹಾವಿನ ಭಯ. ಗುಡಿಸಲಿನಲ್ಲಿ ಹುಟ್ಟಿದವನಿಗೆ ಕಾಂಕ್ರೀಟಿನ ಮಾಡೆಂಬುದು ಕೇವಲ ಮಾಡಲ್ಲ, ಮರ್ಯಾದೆ. ಅವನಿಗೆ "ಮಣ್ಣಿನ ಮನೆಯೇ ಚೆಂದ, ಅದರಲ್ಲೇ ಇರು" ಎಂದು ಉಪದೇಶಿಸುವುದು ಕ್ರೌರ್ಯವಾದೀತು. ಇಂದು ಮರಮುಟ್ಟುಗಳ ಬೆಲೆಯೂ ಕೈಗೆ ಎಟುಕುವಂತಿಲ್ಲ. ಹೆಂಚನ್ನು ಕೋತಿಗಳು ಉಳಿಸುವುದಿಲ್ಲ. ಹಳೆಯ ಮನೆಗಳ ಕತ್ತಲೆಯನ್ನೂ ಹೊಗೆಯನ್ನೂ ಒಲೆಯ ಮುಂದೆ ಕುಳಿತ ಹೆಂಗಸರು ಮರೆತಿಲ್ಲ. ನಾನು ಕೇಳುವುದು ಹಿಂದಕ್ಕೆ ಹೋಗೋಣವೆಂದಲ್ಲ. ಹಿಂದಿನವರ ಲೆಕ್ಕವನ್ನು ಇಂದಿನ ಸಾಮಗ್ರಿಗೆ ಅನ್ವಯಿಸೋಣವೆಂದು.

ಹೀಗೆ ಅನ್ವಯಿಸುವಾಗ ಪರದೇಶದ ನಕಲು ಮಾಡುವಂತಿಲ್ಲ. ಮನೆಯ ದಕ್ಷಿಣ ಮುಖವನ್ನು ಎತ್ತರಿಸಿ ಚಳಿಗಾಲದ ಬಿಸಿಲನ್ನು ಒಳಗೆ ಬರಮಾಡಿಕೊಳ್ಳಬೇಕೆಂದು ಸಾಕ್ರೆಟಿಸನು ಹೇಳಿದುದನ್ನು ಅವನ ಶಿಷ್ಯ ಕ್ಸೆನೊಫನ್ ಬರೆದಿಟ್ಟಿದ್ದಾನೆ. ಫ್ರಾನ್ಸಿನ ಓಡೆಯೋ ಎಂಬಲ್ಲಿ ೧೯೬೭ರಲ್ಲಿ ಫೆಲಿಕ್ಸ್ ಟ್ರೋಂಬ್ ಮತ್ತು ಜಾಕ್ ಮಿಷೆಲ್ ಎಂಬುವರು ಗಾಜಿನ ಹಿಂದೆ ಕಪ್ಪು ಗೋಡೆಯಿಟ್ಟು ಬಿಸಿಲನ್ನು ಸೆರೆಹಿಡಿಯುವ ಮನೆ ಕಟ್ಟಿದರು. ಅದು ಹಿಮದ ನಾಡಿನವರ ವಿವೇಕ. ಬಿಸಿಲನ್ನು ಕೂಡಿಡುವುದು ಅವರ ಕಷ್ಟ; ಬಾಗಿಲಿನಲ್ಲೇ ತಡೆದು ಕಳಿಸುವುದು ನಮ್ಮ ಕಷ್ಟ. ಬಿಸಿಲನ್ನು ಒಳಬಿಟ್ಟು ಶಾಖವನ್ನು ಹೊರಬಿಡದ ದೊಡ್ಡ ಗಾಜಿನ ಕಿಟಕಿಗಳನ್ನು ಕಡೂರು ತರೀಕೆರೆಗಳ ಹೊಸ ಮನೆಗಳಿಗೆ ಶೋಭೆಯೆಂದು ಇಡುವವರು ಈ ಭೇದವನ್ನು ಗಮನಿಸಬೇಕು.

ನಮ್ಮ ನಾಡಿನಲ್ಲಿಯೇ ಇದರ ಬಗೆಗೆ ಘನವಾದ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು ೧೯೭೪ರಲ್ಲಿ ಹಳ್ಳಿಗಳಿಗಾಗಿಯೇ 'ಅಸ್ತ್ರ' ಎಂಬ ಕೇಂದ್ರವನ್ನು ಆರಂಭಿಸಿದರು. ಅಲ್ಲಿ ಕೆ. ಎಸ್. ಜಗದೀಶ್ ಮೊದಲಾದವರು ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಭಾಗ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ರೂಢಿಗೆ ತಂದರು. ಇದು ಮಳೆಗೆ ಕರಗದು. ಇದಕ್ಕೆ ಗೂಡಿನ ಸೌದೆಯೂ ಬೇಡ. ಕೇರಳದಲ್ಲಿ ನೆಲೆಸಿದ ಲಾರಿ ಬೇಕರ್ (೧೯೧೭–೨೦೦೭) ಅವರು ತಾರಸಿಯ ಕಾಂಕ್ರೀಟಿನ ನಡುವೆ ಹೆಂಚುಗಳನ್ನು ಇರಿಸಿ ಎರಕಹೊಯ್ಯುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಸಿಮೆಂಟೂ ಉಳಿಯಿತು, ಶಾಖವೂ ತಗ್ಗಿತು. ಬೆಂಗಳೂರಿನ ದೊಮ್ಮಲೂರಿನಲ್ಲಿ ಸಂಜಯ್ ಮೋಹೆ ಅವರು ರೂಪಿಸಿದ ಟೇರಿ ಸಂಸ್ಥೆಯ ಕಟ್ಟಡದ ದಕ್ಷಿಣಕ್ಕೆ ದುರ್ವಾಸನೆಯ ಚರಂಡಿಯಿತ್ತು. ಶಿಲ್ಪಿಗಳು ಆ ಕಡೆಯ ಗೋಡೆಯನ್ನು ಮುಚ್ಚಿ, ಬಿಸಿಲಿಗೆ ಅದು ಕಾಯುವಂತೆ ಮಾಡಿ, ಕಾದ ಗಾಳಿ ಮೇಲೇರುವಾಗ ಉತ್ತರದ ತಂಪುಗಾಳಿ ತಾನಾಗಿ ಒಳಗೆ ಬರುವಂತೆ ಏರ್ಪಡಿಸಿದರು. ಬಿಸಿಲಿನಿಂದಲೇ ತಂಪನ್ನು ದುಡಿಸಿಕೊಂಡ ಜಾಣ್ಮೆ ಇದು! ನಮ್ಮ ಹಳೆಯ ಗವಾಕ್ಷಿಯ ತತ್ತ್ವವೂ ಇದೇ ಅಲ್ಲವೆ?

ಇಷ್ಟಾದರೂ ಈ ತಿಳಿವಳಿಕೆ ಎಮ್ಮೆದೊಡ್ಡಿಯ ತನಕ ಬಂದಿಲ್ಲ. ಕಾರಣ ಬಡತನವೆಂದು ಹೇಳುವುದು ಸುಲಭ. ಆದರೆ ಮನೆಯನ್ನು ತಿರುಗಿಸಿ ಕಟ್ಟಲು ಕಾಸು ಬೇಡ. ಎದುರುಬದುರು ಕಿಟಕಿಯಿಡಲು, ಗೋಡೆಯ ಮೇಲ್ಭಾಗದಲ್ಲಿ ಬಿಸಿಗಾಳಿಗೊಂದು ಕಿಂಡಿ ಬಿಡಲು ಹೆಚ್ಚಿನ ಖರ್ಚಿಲ್ಲ. ಹೊಸದಾಗಿ ಸುಣ್ಣ ಬಳಿದ ತಾರಸಿ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಮುಕ್ಕಾಲು ಪಾಲಿನಷ್ಟನ್ನು ಆಕಾಶಕ್ಕೇ ಹಿಂದಿರುಗಿಸುತ್ತದೆ. ಯುಗಾದಿಗೆ ಗೋಡೆಗೆ ಸುಣ್ಣ ಹೊಡೆಯುವ ನಾವು ಅದೇ ಸುಣ್ಣವನ್ನು ಎರಡು ಬಕೆಟ್ಟು ಹೆಚ್ಚು ಕಲಸಿ ತಾರಸಿಗೆ ಹೊಡೆದರೆ ಆಗದೆ? ತೆಲಂಗಾಣ ಸರ್ಕಾರ ೨೦೨೩ರಲ್ಲಿ ತಂಪು ಮಾಡುಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ನಾವು ಅದಕ್ಕೆ ಕಾಯಬೇಕಾಗಿಲ್ಲ.

"ಗೃಹಜ್ಯೋತಿಯ ವಿದ್ಯುತ್ತು ಬಿಟ್ಟಿಯಾಗಿ ಬರುವಾಗ ಈ ತಲೆನೋವೇಕೆ?" ಎನ್ನುವವರುಂಟು. ೨೦೨೩ರಿಂದ ತಿಂಗಳಿಗೆ ೨೦೦ ಯೂನಿಟ್ಟಿನವರೆಗೆ ಮನೆಗಳಿಗೆ ಉಚಿತ ವಿದ್ಯುತ್ತು ದೊರೆಯುವಂತಾದುದು ಬಡವರಿಗೆ ದೊಡ್ಡ ಉಪಕಾರವೇ ಸರಿ. ಆದರೆ ಬಿಟ್ಟಿ ವಿದ್ಯುತ್ತಿಗೂ ಬೇಸಗೆಯ ಮಧ್ಯಾಹ್ನ ಕೈಕೊಡುವ ಅಭ್ಯಾಸವಿದೆ. ನೆರಳಿಗೆ ಆ ಅಭ್ಯಾಸವಿಲ್ಲ. ಪಾವಗಡದಲ್ಲಿ ೨,೦೫೦ ಮೆಗಾವಾಟಿನ ಸೌರ ಉದ್ಯಾನವನ್ನು ನಿರ್ಮಿಸಿದ ನಾಡು ನಮ್ಮದು. ಒಂದೆಡೆ ಅಷ್ಟು ಶ್ರಮದಿಂದ ಬಿಸಿಲನ್ನು ವಿದ್ಯುತ್ತಾಗಿಸಿ, ಇನ್ನೊಂದೆಡೆ ಅದೇ ಬಿಸಿಲನ್ನು ಮನೆಯಿಂದ ಓಡಿಸಲು ಆ ವಿದ್ಯುತ್ತನ್ನು ಸುರಿಯುವುದು ಜಾಣತನವೆನಿಸದು.

ಸರ್ಕಾರದ ಹೊಣೆಯೂ ಇಲ್ಲದಿಲ್ಲ. ಮನೆಗಳ ಶಾಖವನ್ನು ಕುರಿತು ಕೇಂದ್ರವು ೨೦೧೮ರಲ್ಲಿ 'ಇಕೋ ನಿವಾಸ ಸಂಹಿತೆ'ಯನ್ನು ಹೊರತಂದಿತು. ಅದರ ದೃಷ್ಟಿಯೆಲ್ಲ ೫೦೦ ಚದರ ಮೀಟರು ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳ ಮೇಲೆ. ಶಾಖದಿಂದ ಹೆಚ್ಚು ನರಳುವವನು ೨೫ ಚದರ ಮೀಟರಿನವನು. ಸಂಹಿತೆ ಬಂದಿರುವುದು ದೊಡ್ಡ ಆವರಣದವನಿಗೆ! ಬಯಲುಸೀಮೆಯ ಬಡವನ ಮನೆಗೆ ಆವಾಸ್ ಯೋಜನೆಯಲ್ಲಿ ೧.೨೦ ಲಕ್ಷ ರೂಪಾಯಿಗಳ ನೆರವನ್ನು ಕಂತುಕಂತಾಗಿ ಕೊಡುವಾಗ, ತಳಪಾಯ ಎದ್ದಿತೇ, ಮಾಡು ಬಿತ್ತೇ ಎಂದು ಚಿತ್ರ ತೆಗೆದು ನೋಡುತ್ತಾರೆ. ತಳಪಾಯಕ್ಕೆ ಗುರುತು ಹಾಕುವ ದಿನವೇ ಒಂದು ಹಾಳೆಯಲ್ಲಿ "ನಿನ್ನ ನಿವೇಶನದಲ್ಲಿ ಪಶ್ಚಿಮ ಇಲ್ಲಿದೆ, ಕಿಟಕಿ ಇಲ್ಲಿರಲಿ, ಸಜ್ಜಾ ಇಷ್ಟು ಚಾಚಲಿ, ಗಿಡ ಇಲ್ಲಿ ನೆಡು" ಎಂದು ಬರೆದುಕೊಟ್ಟರೆ ಬೊಕ್ಕಸಕ್ಕೆ ಆಗುವ ನಷ್ಟ ಒಂದು ಹಾಳೆ ಕಾಗದ. ಬಡಾವಣೆಯ ರಸ್ತೆಗಳನ್ನು ಎಳೆಯುವಾಗಲೇ ಮನೆಗಳ ಉದ್ದ ಪೂರ್ವಪಶ್ಚಿಮವಾಗಿ ಬರುವಂತೆ ನೋಡಿಕೊಂಡರೆ ಇನ್ನೂ ಮೇಲು.

ಕೊನೆಗೆ ನಮ್ಮ ಪಾಲಿನ ಮಾತು. ಎಂಜಿನಿಯರು ಹಳ್ಳಿಗೆ ಎಂದೋ ಒಂದು ದಿನ ಬರುತ್ತಾನೆ. ನಾವು ದಿನವೂ ಅಲ್ಲಿಂದಲೇ ಬಸ್ಸು ಹತ್ತಿ ಬರುತ್ತೇವೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ರಸ್ತೆ ಗುಡಿಸುವುದರ ಜೊತೆಗೆ, ಒಂದು ಕೋಲು, ಒಂದು ಉಷ್ಣಮಾಪಕ ಹಿಡಿದು ಊರಿನ ಹತ್ತು ಮನೆಗಳ ಒಳಗಣ ಶಾಖವನ್ನು ಅಳೆದು, ಆ ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸೋಣ. ಹೆಂಚಿನದಕ್ಕೆಷ್ಟು, ತಗಡಿನದಕ್ಕೆಷ್ಟು, ಸುಣ್ಣ ಹೊಡೆದ ತಾರಸಿಗೆಷ್ಟು ಎಂದು ಜನ ತಾವೇ ಓದಿಕೊಳ್ಳಲಿ. ಭಾಷಣಕ್ಕೆ ಮಣಿಯದವರು ನೆರೆಮನೆಯ ಲೆಕ್ಕಕ್ಕೆ ಮಣಿಯುತ್ತಾರೆ. ಮುಂದಿನ ಬೇಸಗೆಯೊಳಗೆ ಒಂದು ತಾರಸಿಯಾದರೂ ಬೆಳ್ಳಗಾದರೆ, ಒಂದು ಕೋಣೆಯಲ್ಲಾದರೂ ಮಕ್ಕಳು ಮಧ್ಯಾಹ್ನ ನೆಮ್ಮದಿಯಿಂದ ಓದಿಕೊಂಡರೆ, ನಾವು ತರಗತಿಯಲ್ಲಿ ಕಲಿತ ಅಕ್ಷಾಂಶ ರೇಖಾಂಶಗಳು ಸಾರ್ಥಕವಾದಾವು.