ಕಾರಿಗೆ ಕಪ್ಪು ಗಾಜು ಹಾಕಿಸಿದರೆ ಗತ್ತು ಹೆಚ್ಚುತ್ತದೆಯೇ? ಫಾರ್ವರ್ಡ್‌ನಲ್ಲಿ ಇರುವುದೆಷ್ಟು, ಬಿಟ್ಟಿದ್ದೆಷ್ಟು

ಕಾರಿಗೆ ಸನ್ ಫಿಲ್ಮ್ ಹಾಕಿಸಬಹುದು ಅಂತ ಕೋರ್ಟೇ ಹೇಳಿದೆ, ಇನ್ನು ಪೊಲೀಸರು ಹಿಡಿಯುವ ಹಾಗಿಲ್ಲ. ಈ ಅರ್ಥದ ಮೆಸೇಜ್ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಕಪ್ಪು ಗಾಜಿನ ಬಿಳಿ ಕಾರಿನ ಫೋಟೊ, ಕೆಳಗೆ ‘ಲುಕ್ಕೇ ಬೇರೆ’ ಎಂಬ ಮಾತು. ಮೊದಲನೆಯದು ಅರ್ಧ ನಿಜ. ಎರಡನೆಯದೂ ನಿಜವೇ, ಲುಕ್ ಬೇರೆ ಆಗುತ್ತದೆ. ಆದರೆ ಯಾರ ಕಣ್ಣಿಗೆ, ಯಾವ ಥರ ಬೇರೆ?

ಈ ಪ್ರಶ್ನೆಯನ್ನು ಹಾವೇರಿ ಜಿಲ್ಲೆಯಲ್ಲಿ ಇಟ್ಟು ನೋಡೋಣ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಫೀಲ್ಡ್ ಆಫೀಸರ್ ಆಗಿರುವ ಹುಡುಗ, ಹಾವೇರಿಯ ಜಿಲ್ಲಾ ನ್ಯಾಯಾಲಯದಲ್ಲಿ ಹೊಸದಾಗಿ ಕರಿ ಕೋಟು ತೊಟ್ಟ ವಕೀಲೆ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅಪ್ಪನ ದಲಾಲಿ ಅಂಗಡಿ ನೋಡಿಕೊಳ್ಳಲು ಶುರು ಮಾಡಿದ ಮಗ. ಮೂವರಿಗೂ ಮೊದಲ ಕಾರು, ಐದೋ ಏಳೋ ವರ್ಷದ ಕಂತು. ಶೋರೂಮಿನಿಂದ ತಂದ ವಾರದಲ್ಲೇ ಯಾರಾದರೂ ಕೇಳುತ್ತಾರೆ: “ಗ್ಲಾಸಿಗೆ ಫಿಲ್ಮ್ ಹೊಡಸ್ಲಿಲ್ಲೇನ್ರಿ?”

ಕಾರು ನೋಡಿ ಮನುಷ್ಯನನ್ನು ಅಳೆಯುತ್ತಾರಾ?

ಅಳೆಯುತ್ತಾರೆ. ಇದು ನಮ್ಮೂರಿನ ಕೆಟ್ಟ ಚಾಳಿಯೇನಲ್ಲ. 1968ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡೂಬ್ ಮತ್ತು ಗ್ರಾಸ್ ಎಂಬ ಇಬ್ಬರು ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ಸಿಗ್ನಲ್ ಹಸಿರಾದರೂ ಕಾರನ್ನು ಕದಲಿಸದೆ ನಿಲ್ಲಿಸುವುದು, ಹಿಂದಿನವರು ಹಾರ್ನ್ ಹೊಡೆಯುತ್ತಾರಾ ನೋಡುವುದು. ಮುಂದೆ ಹಳೆಯ ಸಾಧಾರಣ ಕಾರು ನಿಂತಿದ್ದಾಗ ಶೇ 84ರಷ್ಟು ಮಂದಿ ಹಾರ್ನ್ ಹೊಡೆದರು. ದುಬಾರಿ ಕಾರು ನಿಂತಿದ್ದಾಗ ಹೊಡೆದವರು ಶೇ 50 ಮಾತ್ರ.

2010ರಲ್ಲಿ ಬ್ರಿಟನ್ನಿನಲ್ಲಿ ಡನ್ ಮತ್ತು ಸರ್ಲ್ ಇನ್ನೊಂದು ಪರೀಕ್ಷೆ ನಡೆಸಿದರು. ಒಬ್ಬನೇ ವ್ಯಕ್ತಿಯನ್ನು ಬೆಂಟ್ಲಿ ಕಾರಿನಲ್ಲೂ ಫೋರ್ಡ್ ಫಿಯೆಸ್ಟಾದಲ್ಲೂ ಕೂರಿಸಿ ತೆಗೆದ ಫೋಟೊಗಳನ್ನು ತೋರಿಸಿದಾಗ, ಬೆಂಟ್ಲಿಯಲ್ಲಿ ಕೂತವನಿಗೇ ಮಹಿಳೆಯರು ಹೆಚ್ಚು ಅಂಕ ಕೊಟ್ಟರು. ಪುರುಷರು ಮಾತ್ರ ಮಹಿಳೆಯ ಫೋಟೊ ನೋಡುವಾಗ ಕಾರಿಗೆ ಸೊಪ್ಪು ಹಾಕಲಿಲ್ಲ.

ಈ ಎರಡನೇ ಪರೀಕ್ಷೆಯಲ್ಲಿ ಒಂದು ಸಣ್ಣ ವಿವರವನ್ನು ಮರೆಯುತ್ತೇವೆ. ಫೋಟೊದಲ್ಲಿ ಕಾರಿನೊಳಗೆ ಕೂತವನ ಮುಖ ಕಾಣುತ್ತಿತ್ತು. ಕಾರಿನ ಗತ್ತು ಮನುಷ್ಯನಿಗೆ ಅಂಟಬೇಕಾದರೆ ಮನುಷ್ಯ ಕಾಣಬೇಕು. ಲಕ್ಷಗಟ್ಟಲೆ ಸಾಲ ಮಾಡಿ ಕಾರು ತಂದು, ಅದರ ಗಾಜನ್ನು ಕಪ್ಪು ಮಾಡಿದರೆ ಜನ ನೋಡುವುದು ಕಾರನ್ನು, ನಿಮ್ಮನ್ನಲ್ಲ. ಆಮೇಲೆ ಒಳಗಿರುವವರು ಯಾರು ಎಂಬುದನ್ನು ಅವರೇ ಊಹಿಸಿಕೊಳ್ಳುತ್ತಾರೆ.

ಆ ಊಹೆ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ಸಿನಿಮಾದಿಂದ. ಕಪ್ಪು ಗಾಜಿನ ಗಾಡಿ ಧೂಳೆಬ್ಬಿಸಿ ಬಂದು ನಿಂತರೆ ಇಳಿಯುವವನು ಒಂದೋ ರಾಜಕಾರಣಿ, ಇಲ್ಲವೇ ಅವನ ಕಡೆಯ ಹುಡುಗರು. ಸುಪ್ರೀಂ ಕೋರ್ಟಿನ ಮುಂದೆ 2012ರಲ್ಲಿ ಬಂದ ವಾದವೂ ಅದೇ ಜಾಡಿನದು: ಅಪಹರಣ, ಲೈಂಗಿಕ ದೌರ್ಜನ್ಯದಂಥ ಅಪರಾಧಗಳಿಗೆ ಕಪ್ಪು ಗಾಜಿನ ಕಾರುಗಳು ಅನುಕೂಲ ಮಾಡಿಕೊಡುತ್ತಿವೆ ಎಂಬುದು. ಹಾಗಂತ ಫಿಲ್ಮ್ ಹಾಕಿಸಿದವರೆಲ್ಲ ಕೆಟ್ಟವರಲ್ಲ, ಬಹುತೇಕರು ಬಿಸಿಲಿಗೆ ಬೇಸತ್ತವರು. ಆದರೆ ನೋಡುವವರ ತಲೆಯಲ್ಲಿ ಕಪ್ಪು ಗಾಜಿಗೆ ಈ ಹಣೆಪಟ್ಟಿ ಮೊದಲೇ ಅಂಟಿದೆ.

ದೊಡ್ಡ ಊರಿನಲ್ಲಿ ಇದು ಅಷ್ಟು ತಟ್ಟುವುದಿಲ್ಲ, ಅಲ್ಲಿ ಯಾರು ಯಾರನ್ನು ಗುರುತಿಸುತ್ತಾರೆ? ಹಾವೇರಿ, ರಾಣೆಬೆನ್ನೂರಿನಂಥ ಊರಿನ ಲೆಕ್ಕ ಬೇರೆ. ಇಲ್ಲಿ ದಾರಿಯಲ್ಲಿ ಎದುರಾದವರು ಕೈ ಎತ್ತುತ್ತಾರೆ, “ನಮಸ್ಕಾರ್ರಿ ಸಾಹೇಬ್ರ” ಅನ್ನುತ್ತಾರೆ. ನೀವು ಒಳಗಿನಿಂದ ಕೈ ಎತ್ತಿದ್ದು ಹೊರಗೆ ಕಾಣಲಿಲ್ಲ ಎಂದರೆ ನೀವು ಎತ್ತಲೇ ಇಲ್ಲ ಎಂದೇ ಅರ್ಥ. ಎರಡು ಸಲ ಹೀಗಾದರೆ ಮೂರನೇ ದಿನ ಚಹಾದಂಗಡಿಯಲ್ಲಿ ಮಾತು ಶುರುವಾಗುತ್ತದೆ: “ಕಾರ್ ತಗೊಂಡ ಮ್ಯಾಲ ಅಂವಾ ಮಾತಾಡಸೋದ ಬಿಟ್ಟಾನ ನೋಡಪಾ.” ಇದನ್ನು ತಿಳಿಯಲು ಅಧ್ಯಯನ ಬೇಕಿಲ್ಲ.

ಬ್ಯಾಡಗಿ ಪೇಟೆಯಲ್ಲಂತೂ ಇದು ವ್ಯಾಪಾರದ ಪ್ರಶ್ನೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಬಿದ್ದಿದ್ದು ರಾಜ್ಯವೇ ನೋಡಿದೆ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಂಬಿಕೆ ಎಷ್ಟು ತೆಳ್ಳಗಿದೆ ಎಂದು ತೋರಿಸಿದ ದಿನವದು. ಅಂಥ ಕಡೆ ಎಳೆಯ ದಲಾಲಿಗೆ ಬೇಕಿರುವುದು ಮುಖ ಪರಿಚಯ. ಬೀಜದ ಕಂಪನಿಯ ಹುಡುಗನಿಗೂ, ಕಕ್ಷಿದಾರರನ್ನು ಹುಡುಕುತ್ತಿರುವ ವಕೀಲೆಗೂ ಅದೇ. ಕಪ್ಪು ಗಾಜು ಒಳಗೆ ಬಲವಿದೆ ಎಂದು ಹೇಳಬಹುದು, ಒಳಗಿರುವವರನ್ನು ನಂಬಬಹುದು ಎಂದು ಹೇಳುವುದಿಲ್ಲ.

ಇನ್ನೊಂದು ಪರಿಣಾಮ ಒಳಗೆ ಕೂತವರ ಮೇಲೆ. 1995ರಲ್ಲಿ ಪ್ರಕಟವಾದ ಎಲಿಸನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಮೇಲ್ಛಾವಣಿ ಮಡಚಬಲ್ಲ ಕಾರು-ಜೀಪುಗಳ ಚಾಲಕರನ್ನು ಗಮನಿಸಲಾಯಿತು. ಛಾವಣಿ ಮುಚ್ಚಿಕೊಂಡು ಕೂತವರು, ತೆರೆದು ಕೂತವರಿಗಿಂತ ಬೇಗ ಹಾರ್ನ್ ಹೊಡೆದರು, ಹೆಚ್ಚು ಸಲ ಹೊಡೆದರು, ಉದ್ದವಾಗಿ ಹೊಡೆದರು. ಅದು ಕಪ್ಪು ಗಾಜಿನ ಪರೀಕ್ಷೆಯಲ್ಲ, ನಿಜ. ಆದರೆ ‘ನನ್ನನ್ನು ಯಾರೂ ನೋಡುತ್ತಿಲ್ಲ’ ಎನಿಸಿದಾಗ ನಮ್ಮ ಸಭ್ಯತೆ ಸ್ವಲ್ಪ ಸಡಿಲವಾಗುತ್ತದೆ ಎಂಬ ಅದರ ಸುಳಿವು ಇಲ್ಲಿಗೂ ಹೊಂದುತ್ತದೆ. ನೀವು ಕಾಣದಿದ್ದರೂ ನಿಮ್ಮ ನಂಬರ್ ಪ್ಲೇಟ್ ಕಾಣುತ್ತದೆ. ಕೆಎ-27ರ ಊರಿನಲ್ಲಿ ಯಾವ ಕಾರು ಯಾರದ್ದೆಂದು ಗೊತ್ತಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಹಾಗಾದರೆ ಕೋರ್ಟ್ ಹೇಳಿದ್ದೇನು?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 100 ಹೇಳುವುದಿಷ್ಟು: ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ 50ರಷ್ಟು ಬೆಳಕು ಹಾದುಹೋಗಬೇಕು. 2012ರ ಏಪ್ರಿಲ್ 27ರಂದು ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಎಷ್ಟೇ ತೆಳುವಾಗಿದ್ದರೂ ಗಾಜಿನ ಮೇಲೆ ಕಪ್ಪು ಫಿಲ್ಮ್ ಆಗಲಿ ಬೇರೆ ವಸ್ತುವಾಗಲಿ ಅಂಟಿಸುವಂತಿಲ್ಲ ಎಂದಿತು. ಆ ಮೇ 4ರಿಂದ ಆದೇಶ ಜಾರಿಗೆ ಬಂತು. ಝಡ್ ಮತ್ತು ಝಡ್ ಪ್ಲಸ್ ಭದ್ರತೆ ಇರುವವರಿಗೆ ಮಾತ್ರ ವಿನಾಯಿತಿಗೆ ಅವಕಾಶವಿತ್ತು. ಗಾಜಿನ ಮೇಲೆ ‘ಪ್ರೆಸ್’, ‘ಅಡ್ವೊಕೇಟ್’, ‘ಡಾಕ್ಟರ್’ ಸ್ಟಿಕ್ಕರ್ ಇದ್ದರೆ ನಡೆಯುತ್ತದೆ ಎಂಬುದು ಬರೀ ಗಾಳಿಮಾತು.

ಮುಂದೆ ನಿಯಮವೇ ಬದಲಾಯಿತು. 2021ರ ಏಪ್ರಿಲ್ 1ರಿಂದ ಸುರಕ್ಷತಾ ಗಾಜಿನ ಜೊತೆಗೆ ‘ಸೇಫ್ಟಿ ಗ್ಲೇಜಿಂಗ್’ಗೂ ಅವಕಾಶ ಸಿಕ್ಕಿತು. ಅಂದರೆ ಐಎಸ್ 2553 ಮಾನದಂಡಕ್ಕೆ ಒಪ್ಪುವ, ಪ್ಲಾಸ್ಟಿಕ್ ಪದರ ಇರುವ ಗಾಜು. ಇದನ್ನೇ ಆಧರಿಸಿ 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್, ಮಾನದಂಡಕ್ಕೆ ಒಪ್ಪುವ ಫಿಲ್ಮನ್ನು ಕಾರಿನ ಮಾಲೀಕರೂ ಹಾಕಿಸಿಕೊಳ್ಳಬಹುದು, ಅದಕ್ಕೆ ದಂಡ ಹಾಕುವಂತಿಲ್ಲ ಎಂದಿತು. ಫಾರ್ವರ್ಡ್ ಹುಟ್ಟಿದ್ದು ಇಲ್ಲಿಂದ. ಅದು ನುಂಗಿಹಾಕಿದ ಮಾತು: ಫಿಲ್ಮ್ ಹಾಕಿದ ಮೇಲೂ ಶೇ 70 ಮತ್ತು ಶೇ 50ರ ಮಿತಿ ಹಾಗೇ ಇರಬೇಕು. ಕಪ್ಪು ಗಾಜಿಗೆ ಯಾವ ಕೋರ್ಟೂ ಪರವಾನಗಿ ಕೊಟ್ಟಿಲ್ಲ. ತೀರ್ಪು ಕೇರಳದ್ದು ಎಂಬುದೂ ನೆನಪಿರಲಿ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯಲ್ಲಿ ಕೈ ಅಡ್ಡ ಹಿಡಿದ ಪೊಲೀಸರಿಗೆ ಮೊಬೈಲಿನಲ್ಲಿ ಅದನ್ನು ತೋರಿಸಿ ಗೆಲ್ಲುತ್ತೇನೆ ಎಂದುಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ ಕಲಂ 177ರ ಪ್ರಕಾರ ದಂಡ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಸಿಕ್ಕರೆ 1,500 ರೂಪಾಯಿವರೆಗೆ. ದೊಡ್ಡ ಮೊತ್ತವೇನಲ್ಲ. ಆದರೆ ಕಕ್ಷಿದಾರರು ನೋಡುತ್ತಿರುವಾಗ ರಸ್ತೆ ಪಕ್ಕ ನಿಂತು ಫಿಲ್ಮ್ ಕೀಳಿಸಿಕೊಳ್ಳುವ ವಕೀಲರ ಇಮೇಜಿಗೆ ಬೆಲೆ ಕಟ್ಟುವುದು ಕಷ್ಟ.

ಅಂಗಡಿಯಲ್ಲಿ ಹೆಚ್ಚು ಜನ ಮೋಸಹೋಗುವುದು ಒಂದು ಗುಣಾಕಾರದಲ್ಲಿ. “ಇದು 50 ಪರ್ಸೆಂಟ್ ಫಿಲ್ಮ್ ಸರ್, ಲೀಗಲ್” ಅನ್ನುತ್ತಾರೆ. ಆದರೆ ಕಾರ್ಖಾನೆಯಿಂದ ಬಂದ ಗಾಜು ತಾನೇ ಪೂರ್ತಿ ಬೆಳಕು ಬಿಡುವುದಿಲ್ಲ. ಅದು ಶೇ 75 ಬಿಡುತ್ತದೆ ಎಂದುಕೊಳ್ಳಿ. ಅದರ ಮೇಲೆ ಶೇ 50ರ ಫಿಲ್ಮ್ ಅಂಟಿಸಿದರೆ ಉಳಿಯುವುದು 75ರ ಅರ್ಧ, ಅಂದರೆ ಶೇ 37.5. ಮಿತಿಗಿಂತ ಬಹಳ ಕೆಳಗೆ. ಅಂಥ ಗಾಜಿಗೆ ಶೇ 67ಕ್ಕಿಂತ ಹೆಚ್ಚು ಬೆಳಕು ಬಿಡುವ ಫಿಲ್ಮೇ ಆಗಬೇಕು, ಅದು ನೋಡಲು ಹೆಚ್ಚುಕಡಿಮೆ ಬಿಳಿ ಗಾಜಿನಂತೆಯೇ ಇರುತ್ತದೆ. ಹೊರಗಿನಿಂದ ಕಪ್ಪಗೆ ಕಾಣುವ ಗಾಜು ನಿಯಮದೊಳಗೆ ಇರುವುದು ಬಹುತೇಕ ಅಸಾಧ್ಯ.

ಕತ್ತಲಾದ ಮೇಲೆ

ಈ ಭಾಗ ಫಾರ್ವರ್ಡ್‌ಗಳಲ್ಲಿ ಬರುವುದೇ ಇಲ್ಲ. ಹಗಲಿನಲ್ಲಿ ಹೊರಗೆ ಬೆಳಕು ಹೆಚ್ಚು, ಕಾರಿನೊಳಗೆ ಕಡಿಮೆ. ಹೊರಗಿನವರಿಗೆ ಗಾಜಿನ ಪ್ರತಿಫಲನವೇ ಕಾಣುತ್ತದೆ, ನಿಮಗೆ ಹೊರಗಿನದೆಲ್ಲ ಕಾಣುತ್ತದೆ. ಸಂಜೆಯಾಗುತ್ತಿದ್ದಂತೆ ಲೆಕ್ಕ ತಿರುವುಮುರುವು. ಕಾರಿನೊಳಗೆ ಮೊಬೈಲ್ ಬೆಳಗಿದರೆ ಹೊರಗಿನವರಿಗೆ ನಿಮ್ಮ ಮುಖ ಕಾಣುತ್ತದೆ, ನಿಮಗೆ ಹೊರಗೆ ಏನೂ ಕಾಣುವುದಿಲ್ಲ. ಖಾಸಗಿತನಕ್ಕೆಂದು ಹಾಕಿಸಿದ ಫಿಲ್ಮ್ ಬೇಕಾದ ಹೊತ್ತಿಗೇ ಕೈಕೊಡುತ್ತದೆ.

ಪಕ್ಕದ ಗಾಜು ತಾನೇ ಎನ್ನಬೇಡಿ. ಹೊರಗಿನ ಎರಡೂ ಕನ್ನಡಿಗಳನ್ನು ನೀವು ನೋಡುವುದು ಆ ಗಾಜಿನ ಮೂಲಕವೇ. ತಿರುವಿನಲ್ಲಿ, ಕ್ರಾಸಿನಲ್ಲಿ, ರಿವರ್ಸ್ ತೆಗೆಯುವಾಗ ಹೆಡ್‌ಲೈಟಿನ ಬೆಳಕು ಬೀಳದ ಕಡೆಗೇ ಕಣ್ಣು ಹಾಯಿಸಬೇಕು. ಶೇ 15ರಷ್ಟೇ ಬೆಳಕು ಬಿಡುವ ಗಾಜಿನಲ್ಲಿ ಕರಿ ಕಂಬಳಿ ಹೊದ್ದು ನಡೆದು ಬರುವವರು, ರಿಫ್ಲೆಕ್ಟರ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್, ಕೊಟ್ಟಿಗೆಗೆ ಮರಳುವ ಎಮ್ಮೆ ಕಾಣಿಸುವುದು ತೀರಾ ತಡವಾಗಿ. ಅದೇ ಕಾರನ್ನು ಅಪ್ಪನೂ ಓಡಿಸುವುದಾದರೆ ಕಷ್ಟ ಇನ್ನೂ ಹೆಚ್ಚು: 60 ವರ್ಷದವರ ಕಣ್ಣಿನ ಪರದೆಗೆ ತಲುಪುವ ಬೆಳಕು 20 ವರ್ಷದವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ. ರಸ್ತೆ ದಾಟುವವರಿಗೂ ಚಾಲಕರ ಕಣ್ಣು ಕಾಣಬೇಕು. ನಡೆದುಹೋಗುವವರು ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಹೆಚ್ಚು ಚಾಲಕರು ಗಾಡಿ ನಿಲ್ಲಿಸುತ್ತಾರೆ ಎಂದು ಫ್ರಾನ್ಸಿನಲ್ಲಿ ನಡೆದ ಪ್ರಯೋಗವೊಂದು ತೋರಿಸಿದೆ.

ನಮ್ಮ ಜಿಲ್ಲೆಯ ರಾಷ್ಟ್ರೀಯ ಹೆದ್ದಾರಿ 48 ಕತ್ತಲಲ್ಲಿ ಎಂಥದ್ದೆಂದು ಗೊತ್ತಿರುವುದೇ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ 13 ಮಂದಿ ಸತ್ತರು. ಸವದತ್ತಿ ಯಲ್ಲಮ್ಮನ ದರ್ಶನ ಮುಗಿಸಿ ಭದ್ರಾವತಿ ಕಡೆಯ ತಮ್ಮೂರಿಗೆ ಮರಳುತ್ತಿದ್ದವರು. ಅದಕ್ಕೂ ಟಿಂಟಿಗೂ ಸಂಬಂಧ ಕಟ್ಟಬೇಡಿ. ನಿಂತ ಲಾರಿ ಕತ್ತಲಲ್ಲಿ ಎದುರಾಗುವ ರಸ್ತೆಯಿದು, ಇಲ್ಲಿ ಕಣ್ಣಿಗೆ ಸಿಗುವ ಬೆಳಕನ್ನು ದುಡ್ಡು ಕೊಟ್ಟು ಕಡಿಮೆ ಮಾಡಿಕೊಳ್ಳುವುದು ಬೇಕೇ ಎಂಬುದಷ್ಟೇ ನನ್ನ ಪ್ರಶ್ನೆ.

ಬಿಸಿಲಿನ ಮಾತು

ಮಾರ್ಚ್-ಏಪ್ರಿಲಿನ ಬಿಸಿಲಿಗೆ ಫಿಲ್ಮ್ ಬೇಕೇಬೇಕು ಎನ್ನುವವರಿಗೆ ಒಂದು ವಿಷಯ. ಸೂರ್ಯನಿಂದ ಬರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳದ್ದು. ಬಣ್ಣ ಕಪ್ಪಾದಷ್ಟಕ್ಕೇ ಅವು ನಿಲ್ಲುವುದಿಲ್ಲ. ಅಗ್ಗದ, ಬಣ್ಣ ಹಾಕಿದ ಫಿಲ್ಮ್ ಬಿಸಿಲನ್ನು ಹೀರಿ ತಾನೇ ಕಾಯುತ್ತದೆ, ಆ ಶಾಖದ ಒಂದು ಪಾಲು ಒಳಗೇ ಬರುತ್ತದೆ. ಇನ್‌ಫ್ರಾರೆಡ್ ತಡೆಯಲೆಂದೇ ಮಾಡಿದ ಸೆರಾಮಿಕ್ ಫಿಲ್ಮ್‌ಗಳು ತಿಳಿಯಾಗಿದ್ದೂ ಹೆಚ್ಚು ಕೆಲಸ ಮಾಡುತ್ತವೆ, ಬೆಲೆ ಮಾತ್ರ ಜಾಸ್ತಿ. ಚರ್ಮಕ್ಕೆ ಹಾನಿ ಮಾಡುವ ನೇರಳಾತೀತ ಕಿರಣದ ಕಥೆಯೂ ಇದೇ, ತಿಳಿ ಫಿಲ್ಮ್ ಕೂಡ ಅದನ್ನು ತಡೆಯಬಲ್ಲದು. ಆ ಹಾನಿ ಸುಳ್ಳಲ್ಲ: 28 ವರ್ಷ ಟ್ರಕ್ ಓಡಿಸಿದ 69 ವರ್ಷದ ಅಮೆರಿಕದ ಚಾಲಕನ ಮುಖದಲ್ಲಿ, ಕಿಟಕಿ ಕಡೆಯ ಎಡಗೆನ್ನೆ ಮಾತ್ರ ದಪ್ಪಗೆ ಸುಕ್ಕುಗಟ್ಟಿದ ಫೋಟೊ 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ನಮ್ಮಲ್ಲಾದರೆ ಅದು ಬಲಗೆನ್ನೆ.

ನಿಲ್ಲಿಸಿದ ಕಾರಿನ ಮಾತೇ ಬೇರೆ. ಸ್ಟ್ಯಾನ್‌ಫರ್ಡ್‌ನವರು 2005ರಲ್ಲಿ ಅಳೆದಂತೆ, ಬಿಸಿಲಲ್ಲಿ ನಿಂತ ಕಾರಿನ ಒಳಗೆ ಒಂದು ಗಂಟೆಯಲ್ಲಿ ಉಷ್ಣತೆ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ, ಅದರಲ್ಲಿ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ. ಗಾಜನ್ನು ಒಂದಿಷ್ಟು ಇಳಿಸಿಟ್ಟರೂ ಹೆಚ್ಚು ವ್ಯತ್ಯಾಸವಿಲ್ಲ. ನಿಲ್ಲಿಸಿದಾಗ ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಮಡಚುವ ಸನ್‌ಶೇಡ್ ಇಡಿ, ಬೇವಿನ ಮರದ ನೆರಳು ಸಿಕ್ಕರೆ ಇನ್ನೂ ಒಳ್ಳೆಯದು. ಹೊರಡುವ ಮೊದಲು ನಾಲ್ಕೂ ಬಾಗಿಲು ತೆರೆದು ಬಿಸಿ ಗಾಳಿ ಹೊರಹಾಕಿ. ಮಕ್ಕಳನ್ನು ಮಾತ್ರ ಐದು ನಿಮಿಷಕ್ಕೂ ಒಳಗೆ ಬಿಡಬೇಡಿ, ಗಾಜು ಕಪ್ಪಗಿದ್ದರೆ ಒಳಗೆ ಮಗು ಇರುವುದು ಹೊರಗಿನವರಿಗೆ ಕಾಣುವುದೂ ಇಲ್ಲ.

ಫಿಲ್ಮ್ ಹಾಕಿಸಲೇಬೇಕೆಂದಿದ್ದರೆ ಅಂಗಡಿಯವರಿಗೆ ಬೆಳಕು ಅಳೆಯುವ ಮೀಟರ್ ತರಲು ಹೇಳಿ. ಮೊದಲು ಬರೀ ಗಾಜನ್ನು ಅಳೆಸಿ, ನಂತರ ಫಿಲ್ಮ್ ಹಿಡಿದು ಅಳೆಸಿ. ಐಎಸ್ 2553ರ ಪ್ರಮಾಣಪತ್ರ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮೀಟರ್ ಇಲ್ಲ ಎಂದರೆ ಬೇರೆ ಅಂಗಡಿ ನೋಡಿ. ಈಗಾಗಲೇ ಕಪ್ಪು ಫಿಲ್ಮ್ ಇದ್ದು ತೆಗೆಸುವುದಾದರೆ ಬ್ಲೇಡಿನಿಂದ ಕೆರೆಯಲು ಬಿಡಬೇಡಿ. ಹೇರ್ ಡ್ರೈಯರಿನ ಬಿಸಿ ಗಾಳಿ ಕೊಟ್ಟು ಮೂಲೆಯಿಂದ ನಿಧಾನವಾಗಿ ಎಳೆದರೆ ಬರುತ್ತದೆ. ಹಿಂದಿನ ಗಾಜಿನಲ್ಲಿ ಡಿಫಾಗರಿನ ಸಣ್ಣ ಗೆರೆಗಳಿದ್ದರೆ ಅವಸರ ಮಾಡಬೇಡಿ, ಗೆರೆಗಳೂ ಫಿಲ್ಮಿನ ಜೊತೆ ಕಿತ್ತು ಬಂದರೆ ಮಳೆಗಾಲದಲ್ಲಿ ಹಿಂದಿನ ಗಾಜಿನ ಮಂಜು ಹೋಗುವುದಿಲ್ಲ.