ವಾರಂಟಿಯ ಹಾಳೆ, ಹಳ್ಳಿಯ ದಾರಿ

ಹೊಸ ಮೋಟಾರ್ ಸೈಕಲ್ ಕೊಳ್ಳಹೊರಟವರ ಮುಂದೆ ಷೋರೂಮಿನವರು ಇಡುವ ಬೆಲೆಪಟ್ಟಿಯಲ್ಲಿ ಈಗ ಸಾಮಾನ್ಯವಾಗಿ ಇನ್ನೊಂದು ಸಾಲು ಇರುತ್ತದೆ: ವಿಸ್ತರಿತ ವಾರಂಟಿ. ತೆರಿಗೆ, ನೋಂದಣಿ, ವಿಮೆಗಳ ನಡುವೆ ಅದೂ ಕುಳಿತಿರುವುದರಿಂದ ಕಡ್ಡಾಯವೆಂದೇ ತಿಳಿದು ಹಣ ತೆರುವವರಿದ್ದಾರೆ. ತೆರಿಗೆ, ನೋಂದಣಿಗಳಿಂದ ತಪ್ಪಿಸಿಕೊಳ್ಳುವಂತಿಲ್ಲ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಥರ್ಡ್ ಪಾರ್ಟಿ ವಿಮೆಯೂ ಬೇಕೇ ಬೇಕು. ವಿಸ್ತರಿತ ವಾರಂಟಿ ಮಾತ್ರ ಕೊಳ್ಳುವವರ ಇಚ್ಛೆಗೆ ಬಿಟ್ಟದ್ದು. ಅದನ್ನು ಕೊಳ್ಳಬೇಕೆ, ಬಿಡಬೇಕೆ?

ಈ ಪ್ರಶ್ನೆಗೆ ಬೆಂಗಳೂರಿನ ಉತ್ತರವೇ ಹರಪನಹಳ್ಳಿಯ ಉತ್ತರವಾಗಲಾರದು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, ಬಳಿಕ ಮರಳಿ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರಕ್ಕೆ ಹೀಗೆ ಜಿಲ್ಲೆಯಿಂದ ಜಿಲ್ಲೆಗೆ ಸಾಗಿದ ಈ ತಾಲ್ಲೂಕಿನ ಜನರಿಗೆ ದೂರವೆಂಬುದು ನಿತ್ಯದ ಲೆಕ್ಕ. ಉಚ್ಚಂಗಿದುರ್ಗದ ಮೆಕ್ಕೆಜೋಳದ ರೈತರಿಗಾಗಲಿ, ತುಂಗಭದ್ರೆಯ ದಂಡೆಯ ಹಲವಾಗಲಿನವರಿಗಾಗಲಿ ಬೈಕು ಷೋಕಿಯ ವಸ್ತುವಲ್ಲ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಆಸ್ಪತ್ರೆಗೆ ಹೊರಟ ರೋಗಿ ಎಲ್ಲಕ್ಕೂ ಅದೇ ವಾಹನ. ಅದು ನಾಲ್ಕು ದಿನ ನಿಂತರೆ ದುಡಿಮೆಯೂ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ವಾರಂಟಿಯ ಪರವಾಗಿ ಬಲವಾದ ವಾದವೊಂದಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಾದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಅದರೊಂದಿಗೆ ಸೆನ್ಸರ್‌ಗಳೂ, ಇಸಿಯು ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆಯೂ ಬಂದವು. ಕಾರ್ಬ್ಯುರೇಟರಿನಲ್ಲಿ ಕಸ ಸಿಕ್ಕರೆ ಊರಿನ ಮೆಕ್ಯಾನಿಕ್ ಬಿಚ್ಚಿ, ಊದಿ, ಸರಿಪಡಿಸಿ ಕಳುಹಿಸುತ್ತಿದ್ದ. ಇಸಿಯು ಕೆಟ್ಟರೆ ಊದಿ ಪ್ರಯೋಜನವಿಲ್ಲ. ದೋಷ ಪತ್ತೆಗೆ ಸ್ಕ್ಯಾನರ್ ಬೇಕು, ಹಲವು ವೇಳೆ ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕು. ಅಂಥ ಒಂದೇ ದುರಸ್ತಿಯ ವೆಚ್ಚ ವಾರಂಟಿಯ ಶುಲ್ಕವನ್ನು ಮೀರಬಲ್ಲದು.

ಆದರೆ ವಾರಂಟಿಯೆಂಬುದು ಷರತ್ತಿನ ಮಾತು. ಬೈಕಿನಲ್ಲಿ ಪದೇ ಪದೇ ಸವೆಯುವ ಬ್ರೇಕ್ ಶೂ, ಕ್ಲಚ್ ಪ್ಲೇಟ್, ಚೈನು, ಕೇಬಲ್, ಟೈರುಗಳು ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಇಲಿ ಕಡಿದ ವೈರು, ಕಲಬೆರಕೆ ಪೆಟ್ರೋಲಿನ ಹಾನಿ, ಅಪಘಾತದ ಪೆಟ್ಟು ಇವೂ ಹೊರಗೇ. ಎಲ್ಲಕ್ಕಿಂತ ಮುಖ್ಯವಾದ ಷರತ್ತು, ಪ್ರತಿಯೊಂದು ಸರ್ವಿಸನ್ನೂ ಗೊತ್ತಾದ ಅವಧಿಯೊಳಗೆ ಅಧಿಕೃತ ಕೇಂದ್ರದಲ್ಲೇ ಮಾಡಿಸಿರಬೇಕು ಎಂಬುದು. ಮೆಕ್ಕೆಜೋಳ ಕೊಯ್ಯುವ ವಾರದಲ್ಲಿ ಒಂದು ದಿನದ ದುಡಿಮೆ ಬಿಟ್ಟು ಪೇಟೆಗೆ ಹೋಗಲಾಗದೆ ಒಂದು ಸರ್ವಿಸ್ ತಪ್ಪಿದರೆ, ತೆತ್ತ ಹಣಕ್ಕೆ ಉಳಿಯುವುದು ಬರೀ ಹಾಳೆ ಆಗಬಹುದು.

ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಅನೇಕ ಮಾದರಿಗಳಿಗೆ ಕಂಪನಿಗಳೇ ಈಗ ಐದು ವರ್ಷಗಳ ವಾರಂಟಿ ಕೊಡುತ್ತವೆ. ಅದಕ್ಕೆ ವರ್ಷಗಳ ಜೊತೆ ಕಿಲೋಮೀಟರಿನ ಮಿತಿಯೂ ಇದ್ದು, ಯಾವುದು ಮೊದಲೋ ಅಲ್ಲಿಗೆ ಮುಗಿಯುತ್ತದೆ. ದಿನಕ್ಕೆ 40 ಕಿ.ಮೀ. ಓಡಿಸುವವರು ವರ್ಷಕ್ಕೆ 14,600 ಕಿ.ಮೀ. ಕ್ರಮಿಸುತ್ತಾರೆ. ಮಿತಿ 60,000 ಕಿ.ಮೀ. ಎಂದಿದ್ದರೆ ಅವರ ಪಾಲಿಗೆ ಐದು ವರ್ಷ ನಾಲ್ಕೇ ವರ್ಷಗಳಲ್ಲಿ ಮುಗಿದಂತೆ. ಕಿಲೋಮೀಟರ್ ಹೆಚ್ಚಿಸದೆ ವರ್ಷ ಮಾತ್ರ ಹೆಚ್ಚಿಸುವ ವಾರಂಟಿ, ಬೈಕನ್ನು ಹೆಚ್ಚು ದುಡಿಸುವವರಿಗೇ ಕಡಿಮೆ ಉಪಯೋಗಕ್ಕೆ ಬರುವಂಥದ್ದು.

ಆದ್ದರಿಂದ ನನ್ನ ಸಲಹೆ ಇಷ್ಟೆ. ಅಧಿಕೃತ ಕೇಂದ್ರ ಕೈಗೆಟುಕುವ ದೂರದಲ್ಲಿದ್ದು, ವಿಸ್ತರಣೆಯಲ್ಲಿ ಇಸಿಯು, ಸೆನ್ಸರ್‌ಗಳು ಸೇರಿವೆಯೆಂದು ಬರಹದಲ್ಲಿದ್ದು, ಕಿಲೋಮೀಟರ್ ಮಿತಿಯೂ ಹೆಚ್ಚುವುದಾದರೆ ಕೊಳ್ಳಿ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಹಣವನ್ನು ಅಂಚೆ ಕಚೇರಿಯ ಖಾತೆಯಲ್ಲಿಡುವುದು ಲೇಸು. ಕೊಳ್ಳುವುದೇ ಆದರೆ ಶುಲ್ಕವನ್ನು ಸಾಲದ ಮೊತ್ತಕ್ಕೆ ಸೇರಿಸಬೇಡಿ. ಸೇರಿಸಿದರೆ ಅದಕ್ಕೂ ಬಡ್ಡಿ ತೆರಬೇಕಾಗುತ್ತದೆ. ಮೂಲ ವಾರಂಟಿ ಮುಗಿಯುವ ಮುನ್ನ ವಿಸ್ತರಿಸಿಕೊಳ್ಳಲು ಕೆಲವು ಕಂಪನಿಗಳು ಅವಕಾಶ ಕೊಡುವುದರಿಂದ ಷೋರೂಮಿನಲ್ಲೇ ಅವಸರ ಪಡಬೇಕಿಲ್ಲ.

ಆದರೆ ಎಲ್ಲ ಎಚ್ಚರವನ್ನೂ ಗ್ರಾಹಕರ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಹೊರಗೆ ದುರಸ್ತಿ ಮಾಡಿಸಿದರೆಂದು ಇಡೀ ವಾರಂಟಿಯನ್ನು ರದ್ದುಪಡಿಸಕೂಡದು, ಆ ದುರಸ್ತಿಯ ದೋಷದಿಂದಾದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸೂಚಿಸಿತ್ತು. ಅದು ಕಾರುಗಳ ಕುರಿತ ಆದೇಶ. ಅದರ ವಿರುದ್ಧ ಮೇಲ್ಮನವಿಗಳೂ ಆದವು. ಆದರೂ ಅದರ ತರ್ಕ ದ್ವಿಚಕ್ರ ವಾಹನಗಳಿಗೂ ಸಲ್ಲಬೇಕು. ಹಳ್ಳಿಯ ಮೆಕ್ಯಾನಿಕ್ ಬ್ರೇಕ್ ಕೇಬಲ್ ಬದಲಿಸಿದ್ದಕ್ಕೂ ಇಸಿಯು ಕೆಟ್ಟದ್ದಕ್ಕೂ ಏನು ಸಂಬಂಧ?

2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಕಂಪನಿಯ ಕಚೇರಿ ಎಲ್ಲೇ ಇರಲಿ, ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ತೆತ್ತ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ; ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಆದರೆ ದೂರು ಕೊಡಲು ಮೊದಲು ಷರತ್ತುಗಳು ಅರ್ಥವಾಗಿರಬೇಕು. ಕನ್ನಡ ನಾಡಿನಲ್ಲಿ ಮಾರುವ ವಾರಂಟಿಯ ಷರತ್ತುಗಳು ಕನ್ನಡದಲ್ಲಿ, ಓದಬಲ್ಲ ಅಕ್ಷರಗಳಲ್ಲಿ ಇರಬೇಕೆಂದು ಸರ್ಕಾರ ಕಡ್ಡಾಯ ಮಾಡಲಿ. ಓದಲು ಬಾರದ ಭರವಸೆಗೆ ಸಹಿ ಹಾಕಿಸಿಕೊಂಡು ಹಣ ಪಡೆಯುವುದು ವ್ಯಾಪಾರವೆನಿಸಲಾರದು.